ಚನ್ನಪಟ್ಟಣದವನು ಹೇಳುತ್ತಿದ್ದೇನೆ, ಅದು ಆಟಿಕೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಒಂದು ಲೇಖನ ಬಂದಿತ್ತು. ಹೊರದೇಶದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ‘ಆಟಿಕೆ ಬಂದೂಕು’ ಹಿಡಿದು ಕಾಡಿನಲ್ಲಿ ಯುದ್ಧದಾಟ ಆಡುತ್ತಾರೆ, ಇದೆಂಥ ಹುಚ್ಚು, ಇಂಥದ್ದನ್ನು ಎಲ್ಲ ಕಡೆಯೂ ನಿಷೇಧಿಸಬೇಕು ಎಂಬುದು ಅದರ ಸಾರ. ನನ್ನ ಹೆಂಡತಿ ಓದಿ ಮುಗಿಸಿ ಪೇಪರನ್ನು ನನ್ನ ಕಡೆ ತಳ್ಳಿ, “ನೋಡ್ರಿ, ನಿಮ್ಮನ್ನೂ ಸೇರಿಸೇ ಬರ್ದಿದಾರೆ” ಅಂದಳು. ಅವಳು ಅಂದದ್ದು ಸರಿ. ಹೋದ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಗನ ಮನೆಯಲ್ಲಿದ್ದೆವು. ಅವನ ಗ್ಯಾರೇಜಿನಲ್ಲಿ ಎಕೆ ರೈಫಲ್ಲಿನ ಒಂದು ನಕಲನ್ನು ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಜೋಡಿಸಿದ ಅಪರಾಧದಲ್ಲಿ ಅರ್ಧ ಪಾಲು ನನ್ನದು.

ನಾನು ಚನ್ನಪಟ್ಟಣದವನು. ಸೋದರಮಾವ ಲೇತಿನಲ್ಲಿ ಆಲೆ ಮರ ತಿರುವಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸಿ, ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಕೊಡುತ್ತಿದ್ದರು. ರಜೆಯಲ್ಲಿ ಅವರ ಪಕ್ಕ ಕೂತು ಬುಗುರಿ, ಗಿಲಕಿ ಎಣಿಸಿ ಡಜನ್ ಕಟ್ಟುವುದು ನನ್ನ ಕೆಲಸ. ಆಮೇಲೆ ಐಟಿಐ, ಆಮೇಲೆ ಜಾಲಹಳ್ಳಿಯ ಎಚ್‌ಎಂಟಿ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್. ಹಾಗಾಗಿ ಆಟಿಕೆ ಯಾವುದು, ಯಂತ್ರ ಯಾವುದು ಎಂದು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಮಗು ಬಾಯಿಗೆ ಹಾಕಿಕೊಂಡರೂ ತಾಯಿ ಗಾಬರಿಯಾಗದಂಥದ್ದು ಆಟಿಕೆ. ನಮ್ಮ ಮಾವ ಹೇಳುತ್ತಿದ್ದದ್ದೂ ಅದನ್ನೇ. ಕೊವೆಂಟ್ರಿಯ ಗ್ಯಾರೇಜಿನಲ್ಲಿದ್ದದ್ದು ಆ ಜಾತಿಗೆ ಸೇರಿದ್ದಲ್ಲ.

ಮೊದಲ ಸಲ ಮಗ ಅದನ್ನು ಚೀಲದಿಂದ ತೆಗೆದಾಗ ನನಗೆ ನಗು ಬಂತು. ಅರ್ಧಕ್ಕಿಂತ ಹೆಚ್ಚು ಭಾಗ ನೀಲಿ. ನಮ್ಮ ಮನೆಗಳಲ್ಲಿ ನೀರು ತುಂಬುವ ಪ್ಲಾಸ್ಟಿಕ್ ಡ್ರಮ್ಮು ಇರುತ್ತಲ್ಲ, ಆ ನೀಲಿ. “ಏನೋ ಇದು, ಕಾರ್ಪೊರೇಷನ್ ಬಂದೂಕಾ?” ಅಂದೆ. ಆಗ ಅವನು ಅಲ್ಲಿಯ ಕಾನೂನು ಹೇಳಿದ. ಬ್ರಿಟನ್ನಿನಲ್ಲಿ 2006ರ ಕಾಯ್ದೆಯೊಂದಿದೆ, ಮರುವರ್ಷ ಅಕ್ಟೋಬರ್‌ನಿಂದ ಜಾರಿಗೆ ಬಂತು. ನೋಡಿದರೆ ನಿಜವಾದ ಬಂದೂಕೇ ಅನ್ನಿಸುವ ನಕಲನ್ನು ಮಾಡುವುದು, ಮಾರುವುದು, ಹೊರಗಿಂದ ತರಿಸುವುದು ಅದರ ಪ್ರಕಾರ ಅಪರಾಧ. ಕೆಂಪು, ಕಿತ್ತಳೆ, ಹಳದಿ, ಹಸಿರು, ಗುಲಾಬಿ, ನೇರಳೆ, ನೀಲಿ, ಇವುಗಳಲ್ಲಿ ಯಾವುದಾದರೂ ಢಾಳಾದ ಬಣ್ಣ ಬಹುಪಾಲು ಬಳಿದಿದ್ದರೆ ಸರಿ, ಇಲ್ಲವೇ ಗಾಜಿನಂತೆ ಪಾರದರ್ಶಕವಾಗಿರಬೇಕು. ಆದರೆ ಏರ್‌ಸಾಫ್ಟ್ ಎಂಬ ಈ ಆಟವನ್ನು ವಿಮೆ ಮಾಡಿಸಿದ ಮೈದಾನದಲ್ಲಿ ಕ್ರಮವಾಗಿ ಆಡುವವರಿಗೆ ವಿನಾಯಿತಿ ಉಂಟು. ಅದನ್ನು ತೋರಿಸಲು ಆಟಗಾರರ ಒಂದು ನೋಂದಣಿ ಪಟ್ಟಿ ಇದೆ. ಮೊದಲ ಆಟದಿಂದ ಮೂರನೆಯದರವರೆಗೆ ಕನಿಷ್ಠ 56 ದಿನ ಆಗುವಂತೆ ಮೂರು ಆಟ ಆಡಿರಬೇಕು, ಹದಿನೆಂಟು ತುಂಬಿರಬೇಕು. ಅಂಗಡಿಯವರು ಪಟ್ಟಿಯಲ್ಲಿ ಹೆಸರು ನೋಡಿಯೇ ಕಪ್ಪು ಬಣ್ಣದ್ದನ್ನು ಕೊಡುವುದು.

ಮಗ ಆತುರಗಾರ. ಪಟ್ಟಿಗೆ ಸೇರುವ ಮೊದಲೇ ನೀಲಿಯದ್ದನ್ನು ಕೊಂಡುಕೊಂಡಿದ್ದ. ನಾವು ಹೋಗುವ ಹೊತ್ತಿಗೆ ಮೂರು ಆಟ ಮುಗಿಸಿ, ನೋಂದಣಿಯೂ ಆಗಿ, ಬಣ್ಣ ಕೀಳಲು ತುದಿಗಾಲಲ್ಲಿ ನಿಂತಿದ್ದ. ತಮಾಷೆ ಏನು ಗೊತ್ತೇ? ಬಣ್ಣ ತೆಗೆಯುವ ಕೆಲಸಕ್ಕೆ ನನ್ನ ಕೈ ತಾಗಿಸಗೊಡಲಿಲ್ಲ. ನೀಲಿ ತೆಗೆದ ಕೂಡಲೇ ಅದು ನಿಜದಂತೆ ಕಾಣುವ ನಕಲಾಗುತ್ತದೆ, ಹಾಗೆ ಮಾರ್ಪಡಿಸುವುದೇ ಕಾನೂನಿನಲ್ಲಿ ಒಂದು ಅಪರಾಧ, ಅವನಿಗೆ ವಿನಾಯಿತಿ ಉಂಟು, ನನಗಿಲ್ಲ. “ಅಪ್ಪಾ, ನೀನು ಆ ಕಡೆ ಸ್ಟೂಲ್ ಮೇಲೆ ಕೂತ್ಕೋ” ಅಂದ. ಮೂವತ್ತೊಂದು ವರ್ಷದ ಫಿಟ್ಟರ್ ಸ್ಟೂಲ್ ಮೇಲೆ ಕೈಕಟ್ಟಿ ಕೂತ, ಕಂಪ್ಯೂಟರ್ ಹುಡುಗ ಬ್ರಷ್ ಹಿಡಿದು ಬಣ್ಣ ಕಿತ್ತ.

ನೀಲಿ ಹೋದ ಮೇಲೆ ನಾನು ಅಯಸ್ಕಾಂತ ಇಟ್ಟು ನೋಡಿದೆ. ಬಂದೂಕಿನ ಮೈಗೆ, ಅಂದರೆ ಬಾಡಿಗೆ, ಅದು ಅಂಟಲಿಲ್ಲ. ಸತುವನ್ನು ಕರಗಿಸಿ ಅಚ್ಚಿನಲ್ಲಿ ಎರೆದ ಡೈಕಾಸ್ಟ್. ಬಾಡಿಯ ಮೇಲೆ ಸಾಲಾಗಿ ರಿವೆಟ್ ತಲೆಗಳಿದ್ದವು, ಅವೂ ಅಚ್ಚಿನಲ್ಲೇ ಬಂದವು, ಯಾವುದನ್ನೂ ಹಿಡಿದಿಟ್ಟಿರಲಿಲ್ಲ. ಗೋಡೆಗೆ ಕಿಟಕಿಯ ಚಿತ್ರ ಬರೆದ ಹಾಗೆ. ಮಗನಿಗೆ ಬೇಸರವಾಯಿತು. ಉಕ್ಕಿನ ಹಾಳೆ, ನಿಜವಾದ ರಿವೆಟ್ಟು ಹಾಕಿದ ನಕಲುಗಳು ತೈವಾನಿನ ಎಲ್‌ಸಿಟಿಯಂಥ ಕಂಪನಿಗಳಿಂದ ಬರುತ್ತವಂತೆ, ಬೆಲೆ ಜಾಸ್ತಿ. “ಹೊರಗಿನದ್ದು ಬಿಡು, ಹೊಟ್ಟೆ ತೋರಿಸು” ಅಂದೆ.

ಹೊಟ್ಟೆಯಲ್ಲಿರುವುದು ಸೈಕಲ್ ಪಂಪಿನ ತಮ್ಮ. ಮದ್ದಿಲ್ಲ, ಬೆಂಕಿಯಿಲ್ಲ. ಬ್ಯಾಟರಿ ಮೋಟರನ್ನು ತಿರುಗಿಸುತ್ತದೆ, ಮೋಟರು ಮೂರು ಗೇರುಗಳನ್ನು ತಿರುಗಿಸುತ್ತದೆ. ಕೊನೆಯ ಗೇರಿಗೆ ಅರ್ಧ ಸುತ್ತಿಗೆ ಮಾತ್ರ ಹಲ್ಲು. ಆ ಹಲ್ಲುಗಳು ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗನ್ನು ಒತ್ತುತ್ತವೆ, ಹಲ್ಲು ಮುಗಿದಲ್ಲಿ ಪಿಸ್ಟನ್ ಕೈಬಿಟ್ಟು ಮುಂದಕ್ಕೆ ನುಗ್ಗಿ ಗಾಳಿಯಿಂದ 6 ಮಿ.ಮೀ.ನ ಪ್ಲಾಸ್ಟಿಕ್ ಗುಂಡನ್ನು ತಳ್ಳುತ್ತದೆ. ಆಟ ಶುರುವಾದದ್ದು 1970ರ ದಶಕದ ಜಪಾನಿನಲ್ಲಿ, ಬ್ಯಾಟರಿಯ ಈ ವ್ಯವಸ್ಥೆಯನ್ನು ಟೋಕಿಯೋ ಮಾರುಯಿ ಕಂಪನಿ ತಂದದ್ದು 1991ರಲ್ಲಿ. ಎಕೆ ನಕಲುಗಳ ಗೇರ್‌ಬಾಕ್ಸನ್ನು ಇವರು ‘ವರ್ಷನ್ 3’ ಅನ್ನುತ್ತಾರೆ. ಅದರಲ್ಲಿ ಮೋಟರು ಒಂದು ಪಂಜರದಲ್ಲಿ ಕೂತು ನೇರ ಗೇರ್‌ಬಾಕ್ಸಿಗೇ ಬಿಗಿದಿರುತ್ತದೆ, ಕೈಹಿಡಿ ಬರೀ ಟೋಪಿ. ಹಿಡಿ ಅಲುಗಿದರೂ ಮೋಟರಿನ ತುದಿಯ ಪುಟ್ಟ ಗೇರು, ಅಂದರೆ ಪಿನಿಯನ್, ಅಲುಗುವುದಿಲ್ಲ. ಇದನ್ನು ಯೋಚಿಸಿದವನು ಫಿಟ್ಟರ್‌ನ ಕಷ್ಟ ತಿಳಿದವನು.

ಆದರೆ ನಮ್ಮದರ ಸದ್ದು ಕೇಳಬೇಕಿತ್ತು. ಮಿಕ್ಸಿಗೆ ಕಲ್ಲು ಸಿಕ್ಕಿದ ಹಾಗೆ ಗರಗರ. ಬಿಚ್ಚುವಾಗ ಸ್ಪ್ರಿಂಗು ಹಾರಿ ಗ್ಯಾರೇಜಿನ ಆ ಮೂಲೆಯ ಪೇಂಟ್ ಡಬ್ಬಗಳ ಹಿಂದೆ ಹೋಯಿತು, ಮೊಮ್ಮಗಳು ಟಾರ್ಚ್ ಹಿಡಿದು ಹುಡುಕಿಕೊಟ್ಟಳು. ಒಳಗೆ ಗ್ರೀಸು ಸಾರಿಗೆ ತುಪ್ಪ ಸುರಿದಂತೆ ಸುರಿದಿದ್ದರು, ಗೇರು ಅಲುಗದಂತೆ ಪಕ್ಕದಲ್ಲಿ ಇರಬೇಕಾದ ಶಿಮ್ಮು ಎಂಬ ತೆಳ್ಳನೆಯ ಬಿಲ್ಲೆ ಮಾತ್ರ ಎಲ್ಲದಕ್ಕೂ ಒಂದೇ ಅಳತೆ. ಕಣ್ಣುಮುಚ್ಚಿ ಹಾಕಿದ್ದು. ಮೂರು ಗೇರೂ ಬುಶ್ಶುಗಳ ನಡುವೆ ಅಕ್ಕಪಕ್ಕ ಓಡಾಡುತ್ತಿದ್ದವು.

ಅಲ್ಲಿಂದ ಮೂರು ಸಂಜೆ ನನ್ನವು. 0.1, 0.2, 0.3 ಮಿ.ಮೀ. ಶಿಮ್ಮುಗಳ ಒಂದು ಪೊಟ್ಟಣ, ನನ್ನ ಹಳೆಯ ಮೈಕ್ರೋಮೀಟರ್ (ಹೌದು, ಇಂಗ್ಲೆಂಡಿಗೂ ಒಯ್ದಿದ್ದೆ, ಹೆಂಡತಿ ಉಪ್ಪಿನಕಾಯಿ ಒಯ್ದ ಹಾಗೆ). ಹಾಕುವುದು, ಮುಚ್ಚುವುದು, ಬೆರಳಲ್ಲಿ ತಿರುಗಿಸುವುದು, ಬಿಗಿಯಾದರೆ ಮತ್ತೆ ಬಿಚ್ಚುವುದು. ಸ್ಕ್ರೂ ಪೂರ್ತಿ ಬಿಗಿಯದೆ ನೋಡಿದರೆ ಸುಳ್ಳು ಹೇಳುತ್ತದೆ, ಬಿಗಿದೇ ನೋಡಬೇಕು. ಪಿನಿಯನ್ನೂ ಅದು ತಿರುಗಿಸುವ ಮೊದಲ ಗೇರಾದ ಬೆವೆಲ್ ಗೇರೂ ಎಲ್ಲಿ ಕಚ್ಚುತ್ತಿವೆ ಎಂದು ತಿಳಿಯಲು ಟೂಲ್‌ರೂಮಿನಲ್ಲಿ ನಾವು ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚುತ್ತಿದ್ದೆವು. ಅಲ್ಲಿ ಎಲ್ಲಿಂದ ತರಲಿ? ಹೆಂಡತಿಯ ಕುಂಕುಮದ ಭರಣಿಯಿಂದ ಒಂದು ಚಿಟಿಕೆ ತೆಗೆದು, ಗ್ರೀಸಿನಲ್ಲಿ ಕಲಸಿ, ಪಿನಿಯನ್ ಹಲ್ಲಿಗೆ ತೆಳ್ಳಗೆ ಸವರಿ ತಿರುಗಿಸಿದೆ. ಬೆವೆಲ್ ಹಲ್ಲಿನ ತುದಿಯಲ್ಲಿ ಮಾತ್ರ ಕೆಂಪು ಗೆರೆ. ಮೋಟರಿನ ಅಡಿಯಲ್ಲಿರುವ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ ಪಿನಿಯನ್ ಮೇಲೆತ್ತಿದೆ, ಗೆರೆ ಹಲ್ಲಿನ ನಡುವಿಗೆ ಇಳಿಯಿತು. ಬ್ಯಾಟರಿ ಸಿಕ್ಕಿಸಿ ಟ್ರಿಗರ್ ಒತ್ತಿದಾಗ ಗರಗರ ಹೋಗಿ ಹೊಲಿಗೆ ಯಂತ್ರದ ಸದ್ದು ಬಂತು. ಮಗ ನನ್ನ ಮುಖ ನೋಡಿದ. ಅವನು ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಥರ ನೋಡಿರಲಿಲ್ಲ.

ಇದೆಲ್ಲ ಆದದ್ದು ಕೊವೆಂಟ್ರಿಯಲ್ಲಿ ಎಂಬುದನ್ನು ಹೇಳಲೇಬೇಕು. ಆಲ್ಫ್ರೆಡ್ ಹರ್ಬರ್ಟ್ ಕಂಪನಿಯ ಲೇತಿನ ಊರು ಅದು. ಒಂದು ಕಾಲಕ್ಕೆ ಲೋಕಕ್ಕೇ ದೊಡ್ಡ ಮೆಷಿನ್ ಟೂಲ್ ಕಾರ್ಖಾನೆ, 1980ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ನಮ್ಮ ಎಚ್‌ಎಂಟಿಯ ಕತೆ ನಿಮಗೆ ಗೊತ್ತೇ ಇದೆ. ಬಂದೂಕಿಗೂ ಲೇತಿಗೂ ಇರುವ ನಂಟು ಇವತ್ತಿನದಲ್ಲ. 1953ರಲ್ಲಿ ಎಚ್‌ಎಂಟಿ ಶುರುವಾದಾಗ ನಮಗೆ ಲೇತು ಕಟ್ಟುವುದನ್ನು ಕಲಿಸಿದ ಸ್ವಿಟ್ಜರ್ಲೆಂಡಿನ ಓರ್ಲಿಕಾನ್, ವಿಮಾನ ಹೊಡೆಯುವ 20 ಮಿ.ಮೀ. ತೋಪಿಗೆ ಹೆಸರಾದ ಕಂಪನಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಶಿಮ್ಮಿನ ಗೆಲುವು ತಲೆಗೇರಿತ್ತು. ಪಿಸ್ಟನ್ ತಲೆಗೆ ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ, ಓ-ರಿಂಗ್, ಸವೆದಿತ್ತು, ಹೊಸದು ಹಾಕಿದೆ. ಸಿಲಿಂಡರಿನ ಮೂತಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತಿದೆ. ಮೂತಿಯನ್ನು ಬೆರಳಲ್ಲಿ ಮುಚ್ಚಿ ಪಿಸ್ಟನ್ ಒತ್ತಿದರೆ ಒಂದು ಕೂದಲಷ್ಟೂ ಗಾಳಿ ಸೋರಲಿಲ್ಲ. ಮಗ ವೇಗ ಅಳೆಯುವ ಕ್ರೋನೋ ತಂದಿಟ್ಟ. ಇವರ ಲೆಕ್ಕವೆಲ್ಲ 0.20 ಗ್ರಾಂ ಗುಂಡಿನಲ್ಲಿ. ಮೊದಲು ಸೆಕೆಂಡಿಗೆ 318 ಅಡಿ ತೋರಿಸುತ್ತಿದ್ದದ್ದು ಈಗ 381. ನಾನು ಮೀಸೆ ತಿರುವಿದೆ. ಮಗ ಮೊಬೈಲಿನಲ್ಲಿ ಗುಣಿಸಿ ನೋಡಿದ, ಮುಖ ಬಿಳಿಚಿಕೊಂಡಿತು.

“ಅಪ್ಪಾ, ಇದು ಈಗ ಬಂದೂಕು ಕಣಪ್ಪಾ.”

381 ಅಡಿ ಎಂದರೆ ಗುಂಡಿನ ಶಕ್ತಿಯ ಅಳತೆಯಲ್ಲಿ 1.35 ಜೂಲ್ ಆಗುತ್ತದೆ. ಬ್ರಿಟನ್ನಿನ 2017ರ ಕಾಯ್ದೆ ಒಂದೇ ಸಮನೆ ಹಾರಿಸುವ ಏರ್‌ಸಾಫ್ಟ್‌ಗೆ ಹಾಕಿರುವ ಮಿತಿ 1.3 ಜೂಲ್, ಒಂದೊಂದೇ ಹಾರಿಸುವುದಕ್ಕೆ 2.5. ಮಿತಿ ದಾಟಿದ ಕ್ಷಣ ಅದಕ್ಕೆ ಏರ್‌ಸಾಫ್ಟಿನ ರಕ್ಷಣೆ ಇಲ್ಲ, ನಿಜವಾದ ಆಯುಧದ ಕಾನೂನೇ ಅನ್ವಯ. ಎಕೆ-47ರ ಸುಧಾರಿತ ರೂಪವಾದ ನಿಜವಾದ ಎಕೆಎಂ ರೈಫಲ್ಲಿನ ಗುಂಡಿನ ಶಕ್ತಿ ಸುಮಾರು 2000 ಜೂಲ್, ಅದರ ಮುಂದೆ ಇದು ಸೊಳ್ಳೆ. ಆದರೂ ಗೆರೆ ಗೆರೆಯೇ. ಟಾಲರೆನ್ಸ್ ಮೀರಿದ ಪೀಸನ್ನು ಇನ್‌ಸ್ಪೆಕ್ಷನ್ನಿನವನು ‘ಸ್ವಲ್ಪ ತಾನೇ’ ಎಂದು ಬಿಡುತ್ತಿದ್ದನೇ? ಎದ್ದು ಹೋಗಿ ಟೀ ಕುಡಿಯುವ ಮೊದಲೇ ಮಗ ಗೇರ್‌ಬಾಕ್ಸ್ ಬಿಚ್ಚಿ ಸ್ಪ್ರಿಂಗ್ ಹೊರಗೆ ತೆಗೆದ. ಒಂದು ಸುತ್ತು ಕತ್ತರಿಸಿ, ತುದಿಯನ್ನು ಒಲೆಯ ಮೇಲೆ ಕಾಯಿಸಿ ಚಪ್ಪಟೆ ಮಾಡೋಣ ಅಂದೆ. “ಮಾವ, ಅಡುಗೆ ಒಲೆ ಬೇಡ” ಎಂದು ಸೊಸೆ ಒಳಗಿಂದಲೇ ಹೇಳಿದಳು. ಕಡಿಮೆ ಬಲದ ಹೊಸ ಸ್ಪ್ರಿಂಗು ಬಂದ ಮೇಲೆ 331ಕ್ಕೆ ನಿಂತಿತು, ಒಂದು ಜೂಲಿಗೆ ಎಳ್ಳಷ್ಟು ಮೇಲೆ. ಅನೇಕ ಮೈದಾನಗಳು ತಾವೇ 350 ಎಂಬ ಮಿತಿ ಇಟ್ಟುಕೊಂಡಿವೆ, ಅದಕ್ಕೂ ಒಳಗೆ.

ಮರದ ಕೆಲಸ ಕೊನೆಗೆ ಬಂತು. ಸೋವಿಯತ್ ಎಕೆಎಂನ ಭುಜಕ್ಕೆ ಒತ್ತುವ ಬಟ್ಟು, ಮುಂದಿನ ಹಿಡಿ ಎಲ್ಲ ಬರ್ಚ್ ಮರದ ಪದರ ಪದರ ಅಂಟಿಸಿದ ಪ್ಲೈವುಡ್ಡು, ಮೇಲೆ ಕೆಂಪು ಛಾಯೆಯ ಶೆಲ್ಯಾಕ್. ಮಗ ಅಂಥದ್ದೇ ಒಂದು ಹಳೆಯ ಸೆಟ್ಟು ತರಿಸಿದ್ದ. ನಕಲಿನ ಬಾಡಿಗೆ ಅದು ಕೂರಲಿಲ್ಲ, ಅರದಿಂದ ಒಂದೂವರೆ ಮಿ.ಮೀ. ಉಜ್ಜಿ ಕೂರಿಸಿದೆ. ಬಟ್ಟು ಗಟ್ಟಿಯಾದ್ದರಿಂದ ಅದರೊಳಗಿರುತ್ತಿದ್ದ ಬ್ಯಾಟರಿಗೆ ಜಾಗವಿಲ್ಲ, ಮಗ ಕಡ್ಡಿಯಂಥ ಸಣ್ಣ ಬ್ಯಾಟರಿ ತಂದು ಮೇಲ್ಮುಚ್ಚಳದ ಕೆಳಗೆ ವೈರ್ ಎಳೆದ. ಹಳೆಯ ಪಾಲಿಶ್ ಕೆರೆದು ಹೊಸದು ಹಚ್ಚಬೇಕಿತ್ತು. ಅವನು ಡಬ್ಬ ತೆರೆದು ತೋರಿಸಿದ, ಹಪ್ಪಳದ ಚೂರಿನಂಥ ಕಂದು ಚಕ್ಕೆಗಳು. ಮೂಗಿಗೆ ಹಿಡಿದೆ. ಅರಗು! ಮಾವನ ಅಂಗಡಿಯ ಅದೇ ಅರಗು. ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಚಿಟಿಕೆ ಕೆಂಪು ಸೇರಿಸಿ, ಬಟ್ಟೆಯ ಉಂಡೆಯಲ್ಲಿ ಹನ್ನೊಂದು ಕೈ ಹಚ್ಚಿದೆ. ಚನ್ನಪಟ್ಟಣದಲ್ಲಿ ಬುಗುರಿಗೆ ಏರಿದ ಹೊಳಪೇ ರಷ್ಯಾದವರ ರೈಫಲ್ಲಿಗೂ ಏರುತ್ತಿತ್ತು ಎಂದು ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಒಣಗಿದ ಮೇಲೆ ಎತ್ತಿ ಹಿಡಿದೆ. ಭಾರ ಭುಜಕ್ಕೆ ಕೂತಿತು. ಚೆನ್ನಾಗಿತ್ತು ಅಂದರೆ ಸುಳ್ಳಲ್ಲ. ಆ ಹೊತ್ತಿಗೆ ಹೆಂಡತಿ ಕಾಫಿ ತಂದವಳು ಬಾಗಿಲಲ್ಲೇ ನಿಂತಳು. “ಅವತ್ತು ಮುಂಬೈ ಸ್ಟೇಷನ್ ಫೋಟೋದಲ್ಲಿ ಆ ಹುಡುಗನ ಕೈಯಲ್ಲಿ ಇದ್ದಿದ್ದು ಇಂಥದ್ದೇ ಅಲ್ವೇನ್ರೀ?” ಅಂದಳು. ಆಕಾರ ಅದೇ. ಕೆಳಗಿಟ್ಟೆ. ಆಮೇಲೆ ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಮೈಕ್ರೋಮೀಟರ್, ಅರ, ಸ್ಪ್ಯಾನರ್, ಸೊಸೆಯ ಕಾರು, ಮಗನ ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಇಟ್ಟಳು (ಭರಣಿಯಲ್ಲಿ ಕುಂಕುಮ ಯಾಕೆ ಕಡಿಮೆಯಾಗಿದೆ ಎಂದು ಅವತ್ತೇ ಕೇಳಿದ್ದು). ಆ ಬಂದೂಕನ್ನು ಮಾತ್ರ ಚೀಲದಿಂದ ತೆಗೆಯಗೊಡಲಿಲ್ಲ. ಮಗ ಒಂದು ಮಾತು ವಾದ ಮಾಡಲಿಲ್ಲ, ನಾನೂ ಮಾಡಲಿಲ್ಲ.

ನಿಮ್ಮ ಲೇಖಕರಿಗೆ ಆಟದ ಮೈದಾನವನ್ನೂ ತೋರಿಸಬೇಕು ಅನ್ನಿಸುತ್ತದೆ. ಮನೆಯಿಂದ ಹೊರಡುವಾಗ ಅದು ಜಿಪ್ ಎಳೆದ ಚೀಲದಲ್ಲಿ, ಚೀಲ ಡಿಕ್ಕಿಯಲ್ಲಿ. ಸಾರ್ವಜನಿಕ ಜಾಗದಲ್ಲಿ ಸಕಾರಣವಿಲ್ಲದೆ ನಕಲು ಬಂದೂಕು ಹಿಡಿದು ತಿರುಗುವುದೂ ಅಲ್ಲಿ ಅಪರಾಧವೇ. ನಾನೊಮ್ಮೆ ಅಡುಗೆಮನೆ ಮೇಜಿನ ಮೇಲೆ, ಕಿಟಕಿಗೆ ಕಾಣುವ ಹಾಗೆ ಇಟ್ಟಿದ್ದಕ್ಕೆ ಮಗನಿಂದ ಬೈಸಿಕೊಂಡಿದ್ದೆ. ಮೈದಾನದ ಬಾಗಿಲಲ್ಲಿ ಪ್ರತಿಯೊಂದನ್ನೂ ಕ್ರೋನೋ ಹಿಡಿದು ಅಳೆದು, ಪಾಸಾದದ್ದಕ್ಕೆ ಬಣ್ಣದ ಕೇಬಲ್ ಟೈ ಕಟ್ಟುತ್ತಾರೆ. ಕನ್ನಡಕ ಇಲ್ಲದೆ ಆಟದ ಗೆರೆ ದಾಟುವಂತಿಲ್ಲ. ನನಗೂ ಒಂದು ಕೊಟ್ಟರು. ಗುಂಡು ಬಟ್ಟೆಯ ಮೇಲೆ ಗುರುತು ಬಿಡುವುದಿಲ್ಲ, ಅಂಪೈರ್ ನೋಡಿ ಹೇಳುವ ಹಾಗೂ ಇಲ್ಲ. ತಗುಲಿದವನು ತಾನೇ ಕೈಯೆತ್ತಿ ‘ಹಿಟ್’ ಎಂದು ಕೂಗಿ ಹೊರಗೆ ನಡೆಯಬೇಕು. ಮಗ ಮರದ ಹಿಂದೆ ಅಡಗಿದ್ದ, ಬೆರಳ ಗೆಣ್ಣಿಗೆ ಬಿತ್ತು, ಯಾರೂ ನೋಡಿರಲಿಲ್ಲ. ಕೈಯೆತ್ತಿಕೊಂಡು ಬಂದ. ಗೆಣ್ಣು ಕಡಲೆಕಾಳಿನಷ್ಟು ಊದಿತ್ತು. ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲಿ ಇದೇ ಮಗ ಕ್ಲೀನ್ ಬೌಲ್ಡ್ ಆದರೂ ಔಟಾಗುತ್ತಿರಲಿಲ್ಲ.

ಹಾಗಂತ ಇಲ್ಲಿಗೂ ತರಬೇಕು ಎಂದು ನಾನು ಹೇಳುತ್ತಿಲ್ಲ. ನಾವು ಬರುವಾಗ ಅದನ್ನು ತರುವ ಯೋಚನೆಯನ್ನೂ ಮಾಡಲಿಲ್ಲ, ಶೆಲ್ಯಾಕ್ ಮೆತ್ತಿದ ಬಟ್ಟೆಯ ಉಂಡೆ ಮಾತ್ರ ನನ್ನ ಸ್ವೆಟರಿನಲ್ಲಿ ಸುತ್ತಿಕೊಂಡು ಬಂತು. ನಾನು ಹೇಳುವುದು ಬಣ್ಣದ ವಿಷಯ. ಮೊನ್ನೆ ನಮ್ಮ ಕಡೆ ಜಾತ್ರೆಗೆ ಹೋಗಿದ್ದೆ. ಬತ್ತಾಸು ಅಂಗಡಿ ಪಕ್ಕದಲ್ಲಿ ಕಪ್ಪು ಪ್ಲಾಸ್ಟಿಕ್ ಬಂದೂಕುಗಳನ್ನು ರಾಶಿ ಹಾಕಿದ್ದರು. ಹತ್ತು ಅಡಿ ದೂರದಿಂದ ನನಗೇ, ಆರು ವಾರ ಅದರ ಹೊಟ್ಟೆಯಲ್ಲಿ ಕೈಯಿಟ್ಟವನಿಗೇ, ವ್ಯತ್ಯಾಸ ತಿಳಿಯಲಿಲ್ಲ. ಸಂಜೆಗತ್ತಲಲ್ಲಿ ಅದನ್ನು ಹಿಡಿದು ಓಡುವ ಹುಡುಗನನ್ನು ಪೊಲೀಸಿನವನು ಏನೆಂದುಕೊಳ್ಳಬೇಕು? ಅಮೆರಿಕದಲ್ಲಿ ಇಂಥವುಗಳ ಮೂತಿಗೆ ಕಿತ್ತಳೆ ಬಣ್ಣ ಬಳಿಯಬೇಕೆಂಬ ಕಾನೂನಿದೆ, ಬ್ರಿಟನ್ನಿನದನ್ನು ಮೇಲೆ ಹೇಳಿದ್ದೇನೆ. ನಿಮ್ಮ ಲೇಖಕರು ಇಂಗ್ಲೆಂಡಿನ ಕಾಡಿನಲ್ಲಿ ಆಡುವವರ ಕೈಯಿಂದ ಕಿತ್ತುಕೊಳ್ಳುವುದಕ್ಕಿಂತ ಮೊದಲು, ಜಾತ್ರೆಯಲ್ಲಿ ಮಕ್ಕಳ ಕೈಗೆ ಬರುವುದಕ್ಕೆ ಹಳದಿಯೋ ಕೆಂಪೋ ಬಳಿಸಿ ಎಂದು ಬರೆಯಲಿ. ಬಣ್ಣ ಬಳಿಯುವವರು ಬೇಕಿದ್ದರೆ ನಮ್ಮೂರಲ್ಲಿ ಇದ್ದಾರೆ.

ಇನ್ನೊಂದು ತಿದ್ದುಪಡಿ. ಲೇಖನದ ಚಿತ್ರದ ಕೆಳಗೆ ‘ಎಕೆ-47’ ಎಂದು ಹಾಕಿದ್ದೀರಿ. ಚಿತ್ರದಲ್ಲಿ ಮ್ಯಾಗಜೀನಿನ ಮೇಲ್ಗಡೆ ಬಾಡಿಯ ಮೇಲೆ ಸಣ್ಣ ಗುಳಿ ಕಾಣುತ್ತಿದೆ, ಅಕ್ಕಪಕ್ಕ ರಿವೆಟ್ಟುಗಳಿವೆ. ಅದು ಎಕೆಎಂ. 1949ರಲ್ಲಿ ಸೋವಿಯತ್ ಸೇನೆ ಎಕೆಯನ್ನು ಒಪ್ಪಿಕೊಂಡಾಗ ಬಾಡಿಯನ್ನು ಉಕ್ಕಿನ ಹಾಳೆ ಒತ್ತಿ ಮಾಡಲು ಹೊರಟಿದ್ದರು, ಅದು ಕೈಕೊಟ್ಟಿತು, ಸಿಕ್ಕಾಪಟ್ಟೆ ಪೀಸು ರಿಜೆಕ್ಟ್ ಆದವು. ಹಾಗಾಗಿ ಕೆಲವು ವರ್ಷ ಗಟ್ಟಿ ಉಕ್ಕಿನ ತುಂಡನ್ನೇ ಮಿಲ್ಲಿಂಗ್ ಮಾಡಿ ಕೊರೆದರು. ಅವುಗಳಲ್ಲಿ ಆ ಜಾಗದಲ್ಲಿ ಉದ್ದನೆಯ ಆಯತದ ತಗ್ಗು ಇರುತ್ತದೆ. 1 ಮಿ.ಮೀ. ಹಾಳೆಯ ಕೆಲಸ ಪಳಗಿ ಎಕೆಎಂ ಬಂದದ್ದು 1959ರಲ್ಲಿ. ಶೀಟ್ ಮೆಟಲ್ ವಿಭಾಗದವರನ್ನು ನಾವು ಟೂಲ್‌ರೂಮಿನವರು ಸದಾ ಹಗುರ ಮಾಡುತ್ತಿದ್ದೆವು, ಇದನ್ನು ಓದಿದ ಮೇಲೆ ಮಾಡುವುದಿಲ್ಲ. ಅದನ್ನು ರೂಪಿಸಿದ ಕಲಾಶ್ನಿಕೋವ್ 2002ರಲ್ಲಿ ಜರ್ಮನಿಗೆ ಹೋಗಿದ್ದಾಗ, ಜನರಿಗೆ ಉಪಯೋಗವಾಗುವ ಹುಲ್ಲು ಕತ್ತರಿಸುವ ಯಂತ್ರದಂಥದ್ದೇನಾದರೂ ಮಾಡಬಹುದಿತ್ತು ಅಂದಿದ್ದರು.

ಪತ್ರ ಉದ್ದವಾಗಿದೆ. ಕತ್ತರಿಸಲೇಬೇಕಿದ್ದರೆ ಕಲಾಶ್ನಿಕೋವರನ್ನು ಕತ್ತರಿಸಿ, ಕುಂಕುಮದ ಭರಣಿಯನ್ನೂ ಕತ್ತರಿಸಿ, ಹೆಂಡತಿಗೆ ಸಂತೋಷವಾದೀತು. ಶಿಮ್ಮು ಹಾಕಿದ ಭಾಗ ಮಾತ್ರ ಇರಲಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಟೂಲ್‌ರೂಮ್ ಫಿಟ್ಟರ್,
ಜಾಲಹಳ್ಳಿ, ಬೆಂಗಳೂರು